57ರಲ್ಲಿ ಮೊದಲ ವೇಷ

– ಕ್ಲಬ್ಬಿಗೆ ಅಂತ ನೀನು ಬರೆದದ್ದು ಓದಿದೆ. ಚೆನ್ನಾಗಿದೆ. ಒಂದು ಕೇಳಲಾ? ಮರಿಯನ್ ಆಂಡರ್ಸನ್ ಒಟ್ಟು ಎಷ್ಟು ಆಪೆರಾ ಪಾತ್ರ ಮಾಡಿದ್ದಾರೆ?

– ಲೆಕ್ಕ ಹಾಕಿಲ್ಲ ಅತ್ತೆ. ಹತ್ತಿಪ್ಪತ್ತಾದರೂ ಇರಬೇಕು. ವರ್ಣಭೇದ ಮೆಟ್ಟಿ ನಿಂತ ಆಪೆರಾ ಗಾಯಕಿ ಅಂತ ತಾನೇ ಎಲ್ಲರೂ ಬರೆಯೋದು.

– ಒಂದು.

– ಒಂದೇ?

– ಒಂದೇ ಒಂದು. ಅದೂ ಐವತ್ತೇಳು ತುಂಬಿದ ಮೇಲೆ. 1955ರ ಜನವರಿ 7, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ. ವರ್ದಿಯ ‘ಉನ್ ಬಾಲೊ ಇನ್ ಮಾಸ್ಕೆರಾ’ದಲ್ಲಿ ಉಲ್ರಿಕಾ ಅನ್ನೋ ಕಣಿ ಹೇಳುವ ಮಾಟಗಾತಿ. ಮೊದಲ ಅಂಕದ ಎರಡನೇ ದೃಶ್ಯದಲ್ಲಿ ಬರ್ತಾಳೆ, ನಾಯಕನ ಕೈ ನೋಡಿ ‘ನಿನ್ನ ಸಾವು ಹತ್ತಿರದಲ್ಲಿದೆ’ ಅಂತಾಳೆ, ಅಷ್ಟೇ. ಮುಂದೆ ಇಡೀ ನಾಟಕದಲ್ಲಿ ಅವಳ ಸುಳಿವಿಲ್ಲ. ಅದೊಂದು ಪಾತ್ರವನ್ನು ಎರಡು ಸೀಸನ್‌ಗಳಲ್ಲಿ ಬೆರಳೆಣಿಕೆಯ ಸಲ ಹಾಡಿದರು. ಆಕೆಯ ಆಪೆರಾ ಜೀವನ ಅಂದರೆ ಅಷ್ಟೇ.

– ಆದರೆ ಅವತ್ತು ಚರಿತ್ರೆ ಆಯಿತಲ್ಲ. ಮೆಟ್‌ನಲ್ಲಿ ಪಾತ್ರವಾಗಿ ಹಾಡಿದ ಮೊದಲ ಆಫ್ರಿಕನ್-ಅಮೆರಿಕನ್ ಕಲಾವಿದೆ. ಪರದೆ ಮೇಲೆದ್ದಾಗ ಆಕೆ ರಂಗದ ಮೇಲೇ ಇದ್ದರಂತೆ. ಒಂದು ಸ್ವರ ಬಾಯಿಂದ ಹೊರಡುವ ಮುಂಚೆಯೇ ಸಭೆ ಚಪ್ಪಾಳೆಯಲ್ಲಿ ಮುಳುಗಿತಂತೆ. ತಾಯಿಯೂ ಸಭೆಯಲ್ಲಿದ್ದರು.

– ಅದೆಲ್ಲ ನಿಜ. ಆ ಚಪ್ಪಾಳೆಗೇ ಆಕೆ ನಡುಗಿಹೋದರು ಅನ್ನೋದೂ ನಿಜ. ಮೊದಲ ದಿನದ ಹಾಡು ತನಗೆ ತೃಪ್ತಿ ಕೊಡಲಿಲ್ಲ ಅಂತ ಆಕೆಯೇ ಬರೆದುಕೊಂಡಿದ್ದಾರೆ. ಮೂವತ್ತು ವರ್ಷ ದೊಡ್ಡ ದೊಡ್ಡ ಸಭೆಗಳಲ್ಲಿ ಕದಲದೆ ನಿಂತು ಹಾಡಿದವರು! ಆಪೆರಾದ ಮ್ಯಾನೇಜರ್ ರುಡಾಲ್ಫ್ ಬಿಂಗ್ ಕೇಳಿದಾಗಲೂ ಆಕೆ ಥಟ್ಟನೆ ಹೂಂ ಅನ್ನಲಿಲ್ಲ. ಈ ಪಾತ್ರದ ಮೇಲಿನ ಸ್ವರಗಳು ತನಗೀಗ ದಕ್ಕುತ್ತವೋ ಇಲ್ಲವೋ ಅನ್ನೋ ಅನುಮಾನ. ವಾದ್ಯವೃಂದದ ನಿರ್ವಾಹಕ ಮಿಟ್ರೊಪೊಲೊಸ್ ಮುಂದೆ ಹಾಡಿ ತೋರಿಸಿದ ಮೇಲೇ ನಿರ್ಧಾರವಾಗಿದ್ದು.

ಇನ್ನೊಂದು ವಿಷಯ, ಇದು ನನ್ನನ್ನು ಇವತ್ತಿಗೂ ಚುಚ್ಚುತ್ತೆ. ವರ್ದಿಯ ಈ ಆಪೆರಾ ಮೊದಲು ರಂಗಕ್ಕೆ ಬಂದಾಗಿನ ಪಠ್ಯದಲ್ಲಿ ಕತೆ ನಡೆಯೋದು ಬೋಸ್ಟನ್ನಿನಲ್ಲಿ. ಉಲ್ರಿಕಾಳನ್ನು ಗಡೀಪಾರು ಮಾಡಬೇಕು ಅನ್ನೋ ನ್ಯಾಯಾಧೀಶ ಅವಳದು ಹೊಲಸು ರಕ್ತ, ಕಪ್ಪು ಜನರ ರಕ್ತ ಅಂತಾನೆ. ಎಪ್ಪತ್ತು ವರ್ಷ ಮುಚ್ಚಿದ್ದ ಬಾಗಿಲು ತೆಗೆದು ‘ಬನ್ನಿ’ ಅಂತ ಕರೆದದ್ದು ಈ ಪಾತ್ರಕ್ಕೆ.

– ಅಂದರೆ ಕಪ್ಪು ಗಾಯಕಿಗೆ ಕಪ್ಪು ಪಾತ್ರ.

– ಅದಾದರೂ ಮೊದಲೇ ಕೊಟ್ಟಿದ್ದರೆ! ಮೆಟ್ ಶುರುವಾಗಿದ್ದು 1883ರಲ್ಲಿ. ಅಲ್ಲಿ ಅಂಥ ಪಾತ್ರಗಳಿಗೇನೂ ಬರ ಇರಲಿಲ್ಲ. ಐಡಾ ಇಥಿಯೋಪಿಯಾದ ರಾಜಕುಮಾರಿ, ಒಟೆಲ್ಲೊ ಮೂರ್ ಸೇನಾಪತಿ. ಬಿಳಿಯ ಗಾಯಕರು ಮುಖಕ್ಕೆ ಕಪ್ಪು ಬಳಿದುಕೊಂಡು ಅವನ್ನು ಹಾಡುತ್ತಿದ್ದರು, ಜನ ಟಿಕೆಟ್ ಕೊಂಡು ನೋಡುತ್ತಿದ್ದರು. ಬಣ್ಣ ಬಳಿದುಕೊಂಡರೆ ಕಲೆ, ಹುಟ್ಟಿನಿಂದಲೇ ಬಂದಿದ್ದರೆ ಒಳಗೆ ಬರೋ ಹಾಗಿಲ್ಲ.

– ಆದರೂ ಒಂದು ಆಕ್ಷೇಪ ಇದೆ ಅತ್ತೆ. ಆಕೆಯದು ಕಾಂಟ್ರಾಲ್ಟೊ ಕಂಠ, ಹೆಂಗಸರ ಕಂಠಗಳಲ್ಲೇ ಅತಿ ಕೆಳಗಿನದು. ಆಪೆರಾದಲ್ಲಿ ನಾಯಕಿ ಅಂದರೆ ಸೊಪ್ರಾನೊ, ತಾರಸ್ಥಾಯಿಯವಳು. ಕಾಂಟ್ರಾಲ್ಟೊಗೆ ಅಜ್ಜಿ, ದಾದಿ, ಮಾಟಗಾತಿ, ಇಲ್ಲವೇ ಹುಡುಗನ ವೇಷ. ಬಿಳಿಯಳಾಗಿ ಹುಟ್ಟಿದ್ದರೂ ಆಕೆಗೆ ಸಿಗುತ್ತಿದ್ದ ಪಾತ್ರಗಳು ಕಡಿಮೆಯೇ.

– ಸರಿಯಾದ ಆಕ್ಷೇಪ. ಆದರೆ ಆ ಕಂಠದ ವ್ಯಾಪ್ತಿ ನೋಡು. ಕೆಳಗೆ ನಮ್ಮ ಗಂಗೂಬಾಯಿ ಹಾನಗಲ್ಲರ ದನಿಗಿದ್ದ ತೂಕ. ಅಲ್ಲಿಂದ ಮೇಲಕ್ಕೆ ಹತ್ತಿದರೆ ಬೇರೆ ಯಾರೋ ಹಾಡ್ತಿದ್ದಾರೆ ಅನ್ನಿಸೋ ಹೊಳಪು. ಷೂಬರ್ಟನ ‘ಸಾವು ಮತ್ತು ಕನ್ಯೆ’ ಹಾಡಿನಲ್ಲಿ ಹೆದರಿದ ಹುಡುಗಿಯೂ ಆಕೆಯೇ, ಅವಳನ್ನು ಕರೆದೊಯ್ಯಲು ಬಂದ ಸಾವೂ ಆಕೆಯೇ. ಕೊನೆಯ ಸ್ವರ ನೆಲಮಾಳಿಗೆಯಿಂದ ಬಂದ ಹಾಗಿರುತ್ತೆ. ಇಂಥವರಿಗೆ ಆಪೆರಾದಲ್ಲಿ ಅಮ್ನೆರಿಸ್ ಪಾತ್ರ ಇತ್ತು, ಅಜುಚೇನಾ ಇತ್ತು, ದೆಲೀಲಾ ಇತ್ತು. 1930ರ ದಶಕದಲ್ಲಿ ಮಾಸ್ಕೋಗೆ ಹೋದಾಗ ಸ್ತಾನಿಸ್ಲಾವ್‌ಸ್ಕಿ, ರಂಗಭೂಮಿಯವರೆಲ್ಲ ಗುರು ಅನ್ನೋ ಆ ಸ್ತಾನಿಸ್ಲಾವ್‌ಸ್ಕಿಯೇ, ‘ಇಲ್ಲೇ ಇರು, ಕಾರ್ಮೆನ್ ಪಾತ್ರ ಕಲಿಸ್ತೀನಿ’ ಅಂದಿದ್ದರು. ಆಕೆ ಉಳಿಯಲಿಲ್ಲ. ಸಂಗೀತ ಕಚೇರಿಗಳು ಮೊದಲೇ ನಿಗದಿಯಾಗಿದ್ದವು. ಆಮೇಲೆ ಆತ ತೀರಿಹೋದರು.

– ಹಾಗಾದರೆ ಆಕೆಯೂ ಒಂದು ಅವಕಾಶ ಬಿಟ್ಟರು.

– ಬಿಟ್ಟರು. ಯಾಕೆ ಅಂತ ಯೋಚಿಸು. ಕಾರ್ಮೆನ್ ಕಲಿತು ಎಲ್ಲಿ ಹಾಡಬೇಕಿತ್ತು? ಯಾವ ರಂಗ ಕಾದಿತ್ತು?

– ನಾನು ಬಾಲ್ಯದಿಂದ ಶುರು ಮಾಡಿದ್ದೆ. ಅದನ್ನು ಇಟ್ಟುಕೊಳ್ಳಲಾ?

– ಇಟ್ಟುಕೋ, ಆದರೆ ಬಡತನದ ಮೇಲೆ ಮೂರು ಪುಟ ಬೇಡ. ಫಿಲಡೆಲ್ಫಿಯಾ, 1897. ಬದುಕಿರುವಷ್ಟು ದಿನ 1902 ಅಂತಲೇ ಹೇಳಿಕೊಂಡು ಬಂದರು, ಜನನ ದಾಖಲೆಯಲ್ಲಿರೋದು 1897. ಅಪ್ಪ ರೀಡಿಂಗ್ ಟರ್ಮಿನಲ್ ಮಾರುಕಟ್ಟೆಯಲ್ಲಿ ಐಸು, ಕಲ್ಲಿದ್ದಲು ಮಾರುತ್ತಿದ್ದವರು, ಬೇಗ ತೀರಿಕೊಂಡರು. ತಾಯಿ ವರ್ಜೀನಿಯಾದಲ್ಲಿ ಮಕ್ಕಳಿಗೆ ಪಾಠ ಹೇಳಿದ್ದವರು, ಇಲ್ಲಿ ಬೇರೆಯವರ ಬಟ್ಟೆ ಒಗೆದರು, ಅಂಗಡಿಯ ನೆಲ ಒರೆಸಿದರು. ಎಷ್ಟೋ ವರ್ಷಗಳ ನಂತರ ಒಬ್ಬ ಪತ್ರಕರ್ತ ‘ನಿಮ್ಮ ಬದುಕಿನ ದೊಡ್ಡ ಗಳಿಗೆ ಯಾವುದು’ ಅಂತ ಕೇಳಿದ. ರಾಜರಾಣಿಯರ ಮುಂದೆ ಹಾಡಿದ್ದು ಹೇಳಬಹುದಿತ್ತು. ಅಮ್ಮನಿಗೆ ‘ಇನ್ನು ನೀನು ಬಟ್ಟೆ ಒಗೆಯೋದು ಬೇಡ’ ಅಂತ ಹೇಳಿದ ದಿನ ಅಂದರು.

– ಸಂಗೀತ ಶಾಲೆಯ ಕಿಟಕಿಯ ಪ್ರಸಂಗ ಹಾಕಿದ್ದೀನಿ.

– ಅದು ಇರಲೇಬೇಕು. ಅರ್ಜಿಗೆ ಅಂತ ಸಾಲಿನಲ್ಲಿ ನಿಂತಿದ್ದಾಳೆ ಹುಡುಗಿ. ಅವಳ ಸರದಿ ಬಂದರೂ ಹಿಂದಿದ್ದವರನ್ನು ಕರೆದರು. ಎಲ್ಲರದ್ದೂ ಮುಗಿದ ಮೇಲೆ, ಕಿಟಕಿಯ ಹಿಂದೆ ಕೂತಿದ್ದ ಹೆಣ್ಣುಮಗಳು ‘ಕಪ್ಪು ಜನರನ್ನು ಸೇರಿಸಿಕೊಳ್ಳೋಲ್ಲ’ ಅಂದಳು. ‘ನೀನು ಹೇಗೆ ಹಾಡ್ತೀಯ’ ಅಂತ ಒಬ್ಬರೂ ಕೇಳಲಿಲ್ಲ. ಸೋಲಲಿಕ್ಕೂ ಅವಕಾಶ ಸಿಗಲಿಲ್ಲ ಅವಳಿಗೆ.

ಅಲ್ಲಿಂದ ಮುಂದಿನ ಹದಿನೈದಿಪ್ಪತ್ತು ವರ್ಷ ಏನಾಯಿತು ಅನ್ನೋದನ್ನ ನೀನು ಅರ್ಧ ಪುಟದಲ್ಲಿ ಮುಗಿಸಿದ್ದೀಯ. ಅಲ್ಲೇ ಇರೋದು ಕತೆ. ಯೂನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಜನ ಕಾಸಿಗೆ ಕಾಸು ಕೂಡಿಸಿ ಆಕೆಗೆ ಗುರುಗಳನ್ನು ಹುಡುಕಿಕೊಟ್ಟರು. ಕೊನೆಗೆ ಜ್ಯೂಸೆಪ್ಪೆ ಬೊಗೆಟ್ಟಿ ಸಿಕ್ಕಿದರು. 1924ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಹಾಡಿದರು, ಸಭೆ ಅರ್ಧ ಖಾಲಿ. ವಿಮರ್ಶಕರು ಜರ್ಮನ್ ಉಚ್ಚಾರಣೆಯನ್ನು ಆಡಿಕೊಂಡರು. ಆಕೆ ಎಷ್ಟೋ ತಿಂಗಳು ಹಾಡೋದನ್ನೇ ಬಿಟ್ಟುಬಿಟ್ಟರು. ಅದು ವಿಮರ್ಶಕರ ತಪ್ಪಲ್ಲ, ಉಚ್ಚಾರಣೆ ನಿಜವಾಗಿಯೂ ಸರಿ ಇರಲಿಲ್ಲ. ಬೇರೆ ಹುಡುಗಿಯರು ಸಂಗೀತ ಶಾಲೆಯಲ್ಲಿ ಹದಿನೆಂಟಕ್ಕೆ ಕಲಿಯೋದನ್ನ ಈಕೆ ಮೂವತ್ತು ದಾಟಿ, ಬರ್ಲಿನ್ನಿಗೆ ಹೋಗಿ ಕಲಿಯಬೇಕಾಯಿತು.

– 1925ರಲ್ಲಿ ಸ್ಪರ್ಧೆ ಗೆದ್ದರಲ್ಲ. ಮುನ್ನೂರು ಜನರಲ್ಲಿ ಒಬ್ಬರು.

– ಗೆದ್ದರು, ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಜೊತೆ ಲೂಯಿಸನ್ ಸ್ಟೇಡಿಯಂನಲ್ಲಿ ಹಾಡಿದರು. ಒಬ್ಬ ಬಿಳಿಯ ಹುಡುಗಿ ಆ ಸ್ಪರ್ಧೆ ಗೆದ್ದಿದ್ದರೆ ಆಪೆರಾ ಕಂಪನಿಗಳು ಮನೆ ಬಾಗಿಲಿಗೆ ಬರುತ್ತಿದ್ದವು. ಈಕೆಗೆ ಮತ್ತೆ ಅದೇ ಚರ್ಚು, ಅದೇ ಕಪ್ಪು ಕಾಲೇಜುಗಳ ಸಭಾಂಗಣ, ಬೇರೆಯಾಗಿ ಕೂರಿಸೋ ರೈಲು. ಯುರೋಪಿಗೆ ಹೋದದ್ದು ಇದಕ್ಕೇ. ಸ್ವೀಡನ್, ನಾರ್ವೆ, ಫಿನ್‌ಲ್ಯಾಂಡಿನಲ್ಲಿ ಜನ ಹುಚ್ಚೆದ್ದರು. ಸಂಗೀತ ರಚನಕಾರ ಸಿಬೇಲಿಯುಸ್ ತಮ್ಮ ಮನೆಯಲ್ಲಿ ಆಕೆಯ ಹಾಡು ಕೇಳಿ, ನಿನ್ನ ದನಿಗೆ ನನ್ನ ಮನೆಯ ಮಾಡು ತಗ್ಗಾಯಿತು ಅಂದರಂತೆ. ಆಮೇಲೆ ಒಂದು ಹಾಡನ್ನು ಆಕೆಗೆ ಅರ್ಪಿಸಿದರು. 1935ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಕೇಳಿದ ವಾದ್ಯವೃಂದ ನಿರ್ವಾಹಕ ಟೋಸ್ಕಾನಿನಿ ಇಂಥ ದನಿ ನೂರು ವರ್ಷಕ್ಕೊಮ್ಮೆ ಅಂದರು. ಆದರೆ ಅದೇ ಸಾಲ್ಜ್‌ಬರ್ಗಿನ ಉತ್ಸವದವರು ತಮ್ಮ ಕಾರ್ಯಕ್ರಮದಲ್ಲಿ ಆಕೆಗೆ ಜಾಗ ಕೊಟ್ಟಿರಲಿಲ್ಲ, ಹೊರಗೆ ಹಾಡಿದರು. ಯುರೋಪೇನು ಸ್ವರ್ಗವಲ್ಲ ಅನ್ನೋದೂ ನಿನ್ನ ಬರಹದಲ್ಲಿ ಇರಲಿ.

– ಲಿಂಕನ್ ಸ್ಮಾರಕದ ಭಾಗ ಹೇಗಿದೆ? ಅದಕ್ಕೇ ಹೆಚ್ಚು ಕಷ್ಟಪಟ್ಟಿದ್ದು.

– ಘಟನೆ ಸರಿಯಾಗಿದೆ. ಹವರ್ಡ್ ವಿಶ್ವವಿದ್ಯಾಲಯ ಪ್ರತಿ ವರ್ಷ ಆಕೆಯನ್ನು ವಾಷಿಂಗ್‌ಟನ್ನಿಗೆ ಕರೆಸುತ್ತಿತ್ತು. ಕೇಳುವವರು ಹೆಚ್ಚಾಗಿ ಇದ್ದ ಜಾಗ ಸಾಲದಾಯಿತು. ದೊಡ್ಡದು ಅಂದರೆ ಕಾನ್‌ಸ್ಟಿಟ್ಯೂಷನ್ ಹಾಲ್, ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಅನ್ನೋ ಮಹಿಳಾ ಸಂಘದ್ದು. ಅದರ ಬಾಡಿಗೆ ಕರಾರಿನಲ್ಲೇ ಬಿಳಿಯ ಕಲಾವಿದರಿಗೆ ಮಾತ್ರ ಅಂತಿತ್ತು. ಬಿಳಿಯ ಮಕ್ಕಳ ಹೈಸ್ಕೂಲಿನ ಸಭಾಂಗಣ ಕೇಳಿದರು, ಅಲ್ಲೂ ತಕರಾರು. ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಸಂಘಕ್ಕೆ ರಾಜೀನಾಮೆ ಕೊಟ್ಟ ಮೇಲೆ ಸುದ್ದಿ ದೇಶಕ್ಕೆಲ್ಲ ಹಬ್ಬಿತು. ಕಪ್ಪು ಜನರ ಹಕ್ಕುಗಳಿಗೆ ಹೋರಾಡುತ್ತಿದ್ದ ವಾಲ್ಟರ್ ವೈಟ್ ಮುಂತಾದವರು ಓಡಾಡಿದರು, ಒಳನಾಡು ಮಂತ್ರಿ ಹೆರಾಲ್ಡ್ ಇಕಿಸ್ ಸರ್ಕಾರಿ ಜಾಗವಾದ ಲಿಂಕನ್ ಸ್ಮಾರಕವನ್ನು ಕೊಟ್ಟರು. 1939ರ ಏಪ್ರಿಲ್ 9, ಈಸ್ಟರ್ ಭಾನುವಾರ. 75,000 ಜನ, ಕಪ್ಪು ಬಿಳಿ ಎಲ್ಲ ಬೆರೆತು ನಿಂತಿದ್ದರು. ರೇಡಿಯೊದಲ್ಲಿ ಲಕ್ಷಾಂತರ.

– ನಾನು ಬರೆದಿದ್ದೂ ಇಷ್ಟೇ. ಮತ್ತೇನು ಬಿಟ್ಟೆ?

– ಮೂರು ವಿಷಯ ಬಿಟ್ಟಿದ್ದೀಯ. ಅದೇ ಲಿಂಕನ್ ಸ್ಮಾರಕವನ್ನು 1922ರಲ್ಲಿ ಉದ್ಘಾಟಿಸಿದಾಗ, ಗುಲಾಮಗಿರಿ ತೆಗೆದವನ ಸ್ಮಾರಕದ ಮುಂದೆಯೇ, ಕಪ್ಪು ಅತಿಥಿಗಳನ್ನು ಬೇರೆ ಕೂರಿಸಿದ್ದರು. ಇದು ಒಂದು. ಹಾಡಲು ಬಂದ ದಿನ ವಾಷಿಂಗ್‌ಟನ್ನಿನ ಹೋಟೆಲುಗಳಲ್ಲಿ ಆಕೆಗೆ ಕೋಣೆ ಸಿಗುವಂತಿರಲಿಲ್ಲ. ಪೆನ್ಸಿಲ್ವೇನಿಯಾದ ಹಿಂದಿನ ಗವರ್ನರ್ ಗಿಫರ್ಡ್ ಪಿಂಚೊ ಮನೆಯಲ್ಲಿ ಇಳಿದುಕೊಂಡರು. ಮುಕ್ಕಾಲು ಲಕ್ಷ ಜನ ಕಾಯ್ತಿದ್ದಾರೆ, ಬಟ್ಟೆ ಬದಲಿಸಲು ಊರಲ್ಲಿ ಒಂದು ಲಾಡ್ಜು ಇಲ್ಲ.

– ಅದು ಗೊತ್ತಿರಲಿಲ್ಲ. ಮೂರನೆಯದು?

– ಏನು ಹಾಡಿದರು ಅನ್ನೋದು. ಮೊದಲು ‘ಅಮೆರಿಕ’ ಅನ್ನೋ ದೇಶಭಕ್ತಿಗೀತೆ, ಅದು ಎಲ್ಲರಿಗೂ ಗೊತ್ತು. ಆಮೇಲೆ ಷೂಬರ್ಟನ ‘ಆವೆ ಮರಿಯಾ’, ಕೊನೆಗೆ ಸ್ಪಿರಿಚುವಲ್‌ಗಳು, ಗುಲಾಮಗಿರಿಯ ಕಾಲದಿಂದ ಬಂದ ಭಕ್ತಿಗೀತೆಗಳು. ನಡುವೆ ಒಂದು ಇತ್ತಲ್ಲ?

– ‘ಓ ಮಿಯೊ ಫೆರ್ನಾಂಡೊ’. ದೊನಿಜೆಟ್ಟಿಯದು.

– ‘ಲಾ ಫಾವೊರೀತಾ’ ಆಪೆರಾದ ನಾಯಕಿ ಲಿಯೊನೋರಾಳ ಹಾಡು. 1925ರ ಸ್ಪರ್ಧೆ ಗೆದ್ದಿದ್ದೂ ಅದನ್ನೇ ಹಾಡಿ. ರಾಜನ ಉಪಪತ್ನಿ ತನ್ನ ಪ್ರಿಯನನ್ನು ನೆನೆದು, ತನ್ನ ಕಳಂಕ ನೆನೆದು ಹಾಡೋದು. ಆಪೆರಾ ಮನೆಯಲ್ಲಿ ಹಾಡೋ ಗಾಯಕಿಗೆ ಜರಿಯ ಉಡುಪು, ಅರಮನೆಯ ಪರದೆ, ಕೆಳಗೆ ವಾದ್ಯವೃಂದ ಎಲ್ಲ ಇರುತ್ತೆ. ಈಕೆ ಏಪ್ರಿಲ್ ಚಳಿಗೆ ತುಪ್ಪುಳದ ಕೋಟು ಹಾಕಿಕೊಂಡು, ಪಕ್ಕದಲ್ಲಿ ಒಂದೇ ಒಂದು ಪಿಯಾನೊ, ಎದುರಿಗೆ ಸಾಲು ಮೈಕು, ಹಿಂದೆ ಲಿಂಕನ್. ಜೀವಮಾನದಲ್ಲಿ ಎಂದೂ ವೇಷ ಕಟ್ಟಲಾಗದ ಪಾತ್ರ ಅದು. ಆಗ ಆಕೆಗೆ 42, ಕಂಠ ಅದರ ತುತ್ತತುದಿಯಲ್ಲಿತ್ತು. ಇಡೀ ಅಮೆರಿಕ ಕೇಳಿತು, ಮೆಟ್ರೊಪಾಲಿಟನ್ ಆಪೆರಾದವರೂ ಕೇಳಿರಬೇಕಲ್ಲ! ಕರೆ ಬರಲಿಕ್ಕೆ ಇನ್ನೂ ಹದಿನಾರು ವರ್ಷ ಬೇಕಾಯಿತು.

ಇದೇ ನೋಡು ನನ್ನ ತಕರಾರು. ಚಿತ್ರಕಾರನ ಚಿತ್ರವನ್ನು ಅಟ್ಟದ ಮೇಲೆ ಇಡಬಹುದು, ಐವತ್ತು ವರ್ಷ ಬಿಟ್ಟು ಯಾರಾದರೂ ಕೆಳಗಿಳಿಸಿ ಧೂಳು ಒರೆಸ್ತಾರೆ. ಬರೆದದ್ದು ಉಳಿಯುತ್ತೆ. ಕಂಠ ಕಾಯೋಲ್ಲ. ಮೂವತ್ತೈದಕ್ಕೆ ಹಾಡಬೇಕಾದ ಪಾತ್ರವನ್ನು ಐವತ್ತೇಳಕ್ಕೆ ಕೊಟ್ಟರೆ ಅದು ಬೇರೆಯದೇ ಪಾತ್ರ. ನೀನು ‘ತಾರತಮ್ಯ ಸೋತಿತು’ ಅಂತ ಮುಗಿಸಿದ್ದೀಯ. ಆ ಇಪ್ಪತ್ತು ವರ್ಷವನ್ನು ತಾರತಮ್ಯ ತಿಂದು ಮುಗಿಸಿ, ಕೈ ತೊಳೆದುಕೊಂಡು ಎದ್ದುಹೋಗಿತ್ತು.

– ನೀವು ಹೇಳೋದು ಒಪ್ತೀನಿ, ಆದರೆ ಪೂರ್ತಿ ಅಲ್ಲ. ನೀವು ಮೆಟ್ ಅನ್ನೋ ಕಟ್ಟಡವನ್ನೇ ದೊಡ್ಡದು ಮಾಡ್ತಿದ್ದೀರಿ. ಆಕೆ ಸಿಕ್ಕದ್ದರಲ್ಲಿ ತೃಪ್ತಿಪಟ್ಟ ಗಾಯಕಿ ಅಲ್ಲ. ಕಚೇರಿಯೇ ಆಕೆಯ ಕಲೆ. ಬಾಖ್, ಷೂಬರ್ಟ್, ಬ್ರಾಮ್ಸ್ ಹಾಡಿ, ಕೊನೆಯಲ್ಲಿ ಹ್ಯಾರಿ ಬರ್ಲೀ ಸ್ವರ ಹೊಂದಿಸಿದ ಸ್ಪಿರಿಚುವಲ್‌ಗಳನ್ನು ಅಷ್ಟೇ ಶ್ರದ್ಧೆಯಿಂದ, ಅದೇ ಕಣ್ಣು ಮುಚ್ಚಿದ ನಿಲುವಿನಲ್ಲಿ ಹಾಡ್ತಿದ್ದರು. ಗುಲಾಮರ ಹಾಡನ್ನು ಷೂಬರ್ಟನ ಪಕ್ಕದಲ್ಲಿ ಕೂರಿಸಿದ್ದು ಯಾವ ಆಪೆರಾ ಪಾತ್ರಕ್ಕಿಂತ ಕಡಿಮೆ? ಅಲ್ಲದೆ ಆಕೆಗೆ ನಟನೆಯ ಹುಚ್ಚೇನೂ ಇರಲಿಲ್ಲ.

– ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ನೀನು ಹೇಳೋದು ಸರಿ ಇರಬಹುದು. ಒಂದೇ ಒಂದು: ನಟನೆಯ ಆಸೆ ಇತ್ತೋ ಇಲ್ಲವೋ ಅನ್ನೋದು ತಿಳಿಯೋಕೆ ಒಂದು ಸಲವಾದರೂ ಸಣ್ಣ ವಯಸ್ಸಿನಲ್ಲಿ ವೇಷ ಹಾಕಿರಬೇಕಿತ್ತು. ಹೈಸ್ಕೂಲು ಹುಡುಗಿಯಾಗಿದ್ದಾಗಲೇ ಆಪೆರಾ ಹಾಡೋ ಕನಸಿತ್ತು ಅಂತ ಆಕೆಯೇ ಹೇಳಿದ್ದಾರೆ.

– ಇನ್ನೊಂದು ದೂರು ಬರುತ್ತೆ ಅತ್ತೆ, ನಮ್ಮ ಕ್ಲಬ್ಬಿನಲ್ಲಿ ಯಾರಾದರೂ ಕೇಳೇ ಕೇಳ್ತಾರೆ. ಕಪ್ಪು ಗಾಯಕ ಪಾಲ್ ರಾಬ್ಸನ್ ಹಾಗೆ ಆಕೆ ಗುಡುಗಲಿಲ್ಲ, ಜಗಳಕ್ಕೆ ನಿಲ್ಲಲಿಲ್ಲ, ತೀರಾ ಸೌಮ್ಯ ಅಂತ.

– ಜಗಳ ತನ್ನ ಸ್ವಭಾವ ಅಲ್ಲ ಅಂತ ಆಕೆಯೇ ಒಪ್ಪಿಕೊಂಡಿದ್ದಾರೆ. ತನ್ನ ಬಗ್ಗೆ ಮಾತಾಡುವಾಗಲೂ ‘ನಾವು’ ಅನ್ನೋ ಹೆಂಗಸು. ಆದರೆ ಸೀಟಿನ ಲೆಕ್ಕ ನೋಡು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಬಾಲ್ಕನಿಗೆ ಅಟ್ಟೋ ಪದ್ಧತಿ. ಆಕೆಯ ಷರತ್ತು ಏನು ಗೊತ್ತಾ? ಸಭಾಂಗಣವನ್ನು ಉದ್ದಕ್ಕೆ ಸೀಳಿ, ಮುಂದಿನ ಸಾಲಿನಿಂದ ಹಿಂದಿನವರೆಗೆ ಎರಡೂ ಕಡೆಯವರಿಗೆ ಸಮ ಸಮ. ರಂಗಕ್ಕೆ ಬಂದವರೇ ಮೊದಲು ಕಪ್ಪು ಜನರ ಕಡೆ ತಿರುಗಿ ನಮಸ್ಕರಿಸ್ತಿದ್ದರು. 1950ರ ದಶಕದಲ್ಲಿ ಅದೂ ಸಾಲದು ಅನ್ನಿಸಿ, ಬೇರೆ ಬೇರೆ ಕೂರಿಸೋ ಕಡೆ ಹಾಡೋದನ್ನೇ ನಿಲ್ಲಿಸಿದರು. ಕರಾರಿನಲ್ಲಿ ಒಂದೊಂದೇ ಸಾಲು ಬದಲಿಸ್ತಾ ಹೋದ ಜಗಳ ಅದು. ಗದ್ದಲ ಇಲ್ಲ, ಅಷ್ಟೇ.

ಕಾನ್‌ಸ್ಟಿಟ್ಯೂಷನ್ ಹಾಲಿಗೂ 1943ರಲ್ಲಿ ಕಾಲಿಟ್ಟರು, ಯುದ್ಧದ ಪರಿಹಾರ ನಿಧಿಗೆ ಹಾಡಲು. ಪ್ರೇಕ್ಷಕರನ್ನು ಬೇರೆ ಮಾಡದೆ ಕೂರಿಸಿದ್ದರು.

– 1957ರ ಏಷ್ಯಾ ಪ್ರವಾಸದ ಬಗ್ಗೆ ಒಂದು ಪ್ಯಾರಾ ಹಾಕಿದ್ದೀನಿ. ಭಾರತಕ್ಕೂ ಬಂದಿದ್ದರು, ದೆಹಲಿಯ ಗಾಂಧಿ ಸ್ಮಾರಕದಲ್ಲಿ ಮಾತಾಡಿದ್ದರು. ನಮ್ಮವರಿಗೆ ಹತ್ತಿರ ಅನ್ನಿಸಲಿ ಅಂತ.

– ಹಾಕು, ಆದರೆ ಅದರ ಇನ್ನೊಂದು ಮಗ್ಗುಲೂ ಹೇಳು. ಅಮೆರಿಕ ಸರ್ಕಾರವೇ ಕಳಿಸಿದ ಪ್ರವಾಸ ಅದು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಲಿಟ್ಲ್ ರಾಕ್‌ನಲ್ಲಿ ಒಂಬತ್ತು ಕಪ್ಪು ಮಕ್ಕಳು ಶಾಲೆಗೆ ಹೋಗಲು ಸೈನ್ಯದ ಕಾವಲು ಬೇಕಾಗಿತ್ತು. ಪ್ರಪಂಚವೆಲ್ಲ ಅದರ ಫೋಟೊ ನೋಡಿತ್ತು. ಆಗ ಏಷ್ಯಾದ ಜನರ ಮುಂದೆ ದೇಶದ ಮುಖವಾಗಿ ನಿಲ್ಲಲು ಬೇಕಾಗಿದ್ದು ಯಾರು? ಸಂಗೀತ ಶಾಲೆಯ ಕಿಟಕಿಯಿಂದ ವಾಪಸು ಕಳಿಸಿದ್ದ ಅದೇ ಹುಡುಗಿ. ಆಕೆ ಕಹಿ ಮಾತಾಡಲಿಲ್ಲ. ಪತ್ರಕರ್ತ ಎಡ್ವರ್ಡ್ ಮರೋ ಆ ಪ್ರವಾಸವನ್ನೆಲ್ಲ ಚಿತ್ರ ಮಾಡಿ ಟಿವಿಯಲ್ಲಿ ತೋರಿಸಿದರು. ನನಗೆ ಆಕೆಯ ಘನತೆ ಕಂಡು ಗೌರವ ಬರುತ್ತೆ, ಕಳಿಸಿದವರ ಜಾಣತನ ಕಂಡು ಸಿಟ್ಟು.

– ಕೊನೆಗೆ ಲಿಯೊಂಟಿನ್ ಪ್ರೈಸ್ ಬಗ್ಗೆ ಹೇಳಿ ಮುಗಿಸೋಣ ಅಂತಿದ್ದೆ. ಮಿಸಿಸಿಪಿಯ ಹುಡುಗಿ, ಚಿಕ್ಕವಳಿದ್ದಾಗ ಆಂಡರ್ಸನ್ ಕಚೇರಿ ಕೇಳಿಯೇ ಹಾಡಬೇಕು ಅಂತ ನಿರ್ಧರಿಸಿದ್ದು. 1961ರಲ್ಲಿ ಅದೇ ಮೆಟ್‌ನಲ್ಲಿ ‘ಇಲ್ ತ್ರೊವಾತೊರೆ’, ಮುಗಿದ ಮೇಲೆ 42 ನಿಮಿಷ ಚಪ್ಪಾಳೆ. ಆಗ ಅವರಿಗೆ 33.

– 33! ಅದನ್ನು ದಪ್ಪ ಅಕ್ಷರದಲ್ಲಿ ಬರಿ. ಕಂಠ ಬಲಿತ ಹೊತ್ತಿಗೆ ರಂಗ ಸಿಕ್ಕಿತು. ಆದರೆ ಮುಂದಿನವರನ್ನು ಹೇಳುವಾಗ ಹಿಂದಿನವರನ್ನೂ ಹೇಳು. ಸಿಸಿರೆಟಾ ಜೋನ್ಸ್, 1892ರಲ್ಲಿ ಶ್ವೇತಭವನದಲ್ಲಿ ಹಾಡಿದವರು. ಆಪೆರಾ ಕಂಪನಿ ಯಾವುದೂ ಸೇರಿಸಲಿಲ್ಲ ಅಂತ ಹಾಸ್ಯ, ಕುಣಿತ, ದೊಂಬರಾಟದ ತಂಡ ಕಟ್ಟಿಕೊಂಡು, ಅದರ ಕೊನೆಯಲ್ಲಿ ಆಪೆರಾ ಹಾಡುಗಳನ್ನು ಹಾಡ್ತಾ ಊರೂರು ಅಲೆದರು. ಬಡತನದಲ್ಲಿ ಸತ್ತರು. ಆಕೆಯ ದನಿ ಹೇಗಿತ್ತು ಅಂತ ಕೇಳೋಣ ಅಂದರೆ ಒಂದು ಧ್ವನಿಮುದ್ರಣವೂ ಇಲ್ಲ.

– ಆಂಡರ್ಸನ್ ಅವರದ್ದು ಬೇಕಾದಷ್ಟಿದೆ. ಲಿಂಕನ್ ಸ್ಮಾರಕದ ಚಿತ್ರ ತೋರಿಸಲಾ?

– ಅದನ್ನು ಎಲ್ಲರೂ ನೋಡಿರ್ತಾರೆ. ಬ್ರಾಮ್ಸನ ‘ಆಲ್ಟೊ ರಾಪ್ಸೊಡಿ’ ಕೇಳಿಸು. ಯುಜೀನ್ ಆರ್ಮಂಡಿ, ಫಿಲಡೆಲ್ಫಿಯಾ ಆರ್ಕೆಸ್ಟ್ರಾ, ಅದೇ 1939ರದ್ದು. ಅದು ಮುಗಿದ ಕೂಡಲೇ, ಮಧ್ಯೆ ಮಾತಾಡದೆ, 1955ರ ಉಲ್ರಿಕಾ ಹಾಕು. ಮಿಟ್ರೊಪೊಲೊಸ್ ನಿರ್ವಹಣೆಯಲ್ಲಿ ಆರ್‌ಸಿಎ ಕಂಪನಿ ಆಯ್ದ ಭಾಗಗಳನ್ನು ಮುದ್ರಿಸಿದೆ.

– ಎರಡನೆಯದರಲ್ಲಿ ದನಿ ಅಲುಗುತ್ತೆ ಅತ್ತೆ. ಕೇಳಿದ್ದೀನಿ. ಹಾಗೆ ಪಕ್ಕಪಕ್ಕ ಇಟ್ಟರೆ ಆಕೆಗೆ ಅನ್ಯಾಯ ಅಲ್ವಾ?

– ಅಲುಗಲಿ. ಅವರಿಗೂ ಕೇಳಿಸಬೇಕು.

– ಹಾಗಾದರೆ ಪ್ರೈಸ್ ಹಾಡಿಗೆ ಸಮಯ ಸಾಲದು. ಕೊಟ್ಟಿರೋದೇ ಅರ್ಧ ಗಂಟೆ.

– ಪ್ರೈಸ್‌ಗೆ ಇನ್ನೊಂದು ದಿನ ಕೇಳು, ಕೊಡ್ತಾರೆ. ಮತ್ತೆ ಆ ಬಡತನದ ಮೂರು ಪುಟ ತೆಗಿ, ಐದು ನಿಮಿಷ ಅಲ್ಲೇ ಉಳಿಯುತ್ತೆ.